ದವಾ ಕುಡಿದ ಕಟ್ಟಿಗೆ

ತೀರಿಕೊಂಡ ಗಂಡನ ಪಾದದ ಮೇಲೆ ತಂಬಿಗೆಯಿಂದ ಬಿಸಿನೀರು ಸುರಿಯುತ್ತಿದ್ದ ಅನ್ನಮ್ಮ ತಲೆಯೆತ್ತಿದಾಗ, ಗಲ್ಲಿಯೊಳಗೆ ಒಂದು ಟ್ರಾಲಿ ಆಟೋ ಹಿಮ್ಮುಖವಾಗಿ ಬರುತ್ತಿತ್ತು. ಅದರ ತುಂಬ ಕಟ್ಟಿಗೆ. ದುಂಡನೆಯ, ನೆಟ್ಟನೆಯ ತುಂಡುಗಳು. ಮಳೆಗೆ ನೆನೆಯದಿರಲೆಂದು ಮೇಲೆ ತಾಡಪತ್ರಿ ಹೊದಿಸಿದ್ದರು, ಹಿಂಬದಿ ಮಾತ್ರ ತೆರೆದಿತ್ತು. ಗರಗಸದಲ್ಲಿ ಕೊಯ್ದ ಮುಖಗಳೆಲ್ಲ ಅವಳ ಕಡೆಗೇ ತಿರುಗಿದ್ದವು. ನಡುವಿನ ತಿರುಳು ಬಿಳಿಚಿಕೊಂಡಿತ್ತು, ಸುತ್ತಲಿನ ಉಂಗುರ ಹಸಿರಾಗಿತ್ತು. ಎಲೆಯ ಹಸಿರಲ್ಲ, ತಾಮ್ರದ ಕೊಡವನ್ನು ತೊಳೆಯದೆ ಬಿಟ್ಟರೆ ಕಟ್ಟುತ್ತದಲ್ಲ, ಆ ಕಿಲುಬಿನ ಹಸಿರು.

ತಂಬಿಗೆಯ ನೀರು ಮುಗಿದದ್ದೂ ಅವಳಿಗೆ ತಿಳಿಯಲಿಲ್ಲ.

"ಸಾಕು ಬಿಡವ್ವ, ಇನ್ನು ನಾವು ನೋಡ್ಕೋತೀವಿ" ಎಂದು ಪಕ್ಕದ ಮನೆಯ ಪಾರ್ವತಿಬಾಯಿ ತಂಬಿಗೆಯನ್ನು ಬಿಡಿಸಿಕೊಂಡಳು.

ಆಟೋದ ಮುಂದಿನಿಂದ ಗುರುಶಾಂತ ಇಳಿದ. ಅನ್ನಮ್ಮನ ಗಂಡ ಹುಸೇನಪ್ಪನೂ ಅವನೂ ಒಂದೇ ದಿನ ಕರೆಂಟಿನ ಕಂಬದ ಯಾರ್ಡಿಗೆ ಕೆಲಸಕ್ಕೆ ಸೇರಿದವರು. ಈಗ ಆ ಯಾರ್ಡು ಮುಚ್ಚಿ ಹೋಗಿದೆ, ಗುರುಶಾಂತ ಅದರ ಕಾವಲುಗಾರ. ಅತ್ತು ಅತ್ತು ಅವನ ಕಣ್ಣು ಊದಿಕೊಂಡಿದ್ದವು.

"ಕಟಗಿ ಚಿಂತಿ ಬಿಡ್ರಿ ವೈನಿ" ಎಂದ. "ಒಂದ್ ಹನಿ ನೀರ್ ಕುಡದಿಲ್ಲ, ಖಣಖಣ ಒಣಗ್ಯಾವು. ನಮ್ಮ ಯಾರ್ಡಿನ ಕಂಬ. ಅವನ ಕೈಲೇ ದವಾ ಕುಡದಾವು, ಅವನ ಸಂಗಾಟನೇ ಹೋಗ್ಲಿ."

ಸುತ್ತ ನಿಂತ ಹೆಂಗಸರು ಆ ಮಾತಿಗೆ ಬಾಯಿಗೆ ಸೆರಗು ಒತ್ತಿಕೊಂಡರು. ಶಿವಶರಣಪ್ಪನವರು ಎರಡೂ ಕೈಯಲ್ಲಿ ಗುರುಶಾಂತನ ಭುಜ ಹಿಡಿದರು. ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದ ಅವರು, ಆ ಕಡೆಯ ಕನ್ನಡದವರ ಮನೆಗಳಲ್ಲಿ ಮದುವೆಯಾಗಲಿ ಸಾವಾಗಲಿ ಮುಂದೆ ನಿಂತು ನಡೆಸುವವರು. "ದೊಡ್ಡ ಕೆಲಸ ಮಾಡಿದಿ ತಮ್ಮಾ. ಮುಂಜಾನಿಂದ ಎಲ್ಲಾ ಕಟಗಿ ಅಡ್ಡೇದಾಗೂ ಕೇಳಿಸೀನಿ, ಈ ಮಳ್ಯಾಗ ಒಣಾ ಕಟಗಿ ಅನ್ನೂದೇ ಇಲ್ಲ."

ಅನ್ನಮ್ಮ ಬಾಯಿ ತೆರೆದಳು. ಏನು ಹೇಳುವುದು? ಸ್ನೇಹಿತನೊಬ್ಬ ಅತ್ತುಕೊಂಡು ತಂದ ಕಟ್ಟಿಗೆಯನ್ನು, ಹೆಣ ಅಂಗಳದಲ್ಲಿರುವಾಗ, ಹತ್ತು ಜನರ ಎದುರು ಬೇಡವೆನ್ನುವುದು ಹೇಗೆ? ಅವಳ ಮುಖ ಬಿಳುಪೇರಿದ್ದನ್ನು ಕಂಡವರು ಅದನ್ನು ದುಃಖವೆಂದುಕೊಂಡರು. ಯಾರೋ ಗಾಳಿ ಬೀಸಿದರು.

ಮಗ ಮಲ್ಲು ಒಳಗೆ ಹೊಸ ಪಂಚೆ ಹುಡುಕುತ್ತಿದ್ದ. ಅನ್ನಮ್ಮ ಎದ್ದು ಹೋಗಿ ಅವನ ತೋಳು ಹಿಡಿದಳು.

"ಮಲ್ಲೂ, ಆ ಕಟಗಿ ಬ್ಯಾಡಪ್ಪ."

"ಯಾಕವ್ವ?"

"ಅದನ್ನ ಸುಡಬಾರದು ಅಂತ ನಿಮ್ಮಪ್ಪ ಬಡಕೋತಿದ್ದ, ಮರತೇನು? ಅದರ ಹೊಗಿ ಇಸ."

ಮಲ್ಲು ಅವಳನ್ನು ನೋಡಿದ. ಮಾದಾಪುರದ ಹೊಸ ಗಾಜಿನ ಕಟ್ಟಡಗಳಿಗೆ ನೆಲದೊಳಗೆ ಕೇಬಲ್ ಹಾಕಲು ಗುಂಡಿ ತೋಡುವ ಕೆಲಸ ಅವನದು. ನಿನ್ನೆ ಅಪ್ಪನ ಉಸಿರು ಹೋದಾಗಲೂ ಅಲ್ಲೇ ಇದ್ದ. ಬಂದಾಗಿನಿಂದ ಕೂತಿರಲಿಲ್ಲ.

"ಅವ್ವ, ಅಪ್ಪ ಎಲ್ಲಾದಕ್ಕೂ ಅಂಜತಿದ್ದ. ಅಂವಾ ಅಂಜೂದು ಕೇಳಕೋತ ಕುಂತ್ರ ಈ ಮನ್ಯಾಗ ದೀಪಾನೂ ಹಚ್ಚತಿದ್ದಿಲ್ಲ ನಾವು. ಊರಾಗಾಗಿದ್ರ ಹೊಲದಾಗ ಮಣ್ಣ ಮಾಡತಿದ್ವಿ. ಇಲ್ಲಿ ಮಣ್ಣ ಮಾಡಾಕ ಜಾಗಾ ಎಲ್ಲೈತಿ? ಸಿಕ್ಕ ಕಟಗೀನೂ ಬ್ಯಾಡಂದ್ರ ಅಪ್ಪನ್ನ ಏನ್ ಮಾಡ್ಲಿ, ನೀನೇ ಹೇಳು." ಅವನ ದನಿ ಒಡೆಯಿತು.

ಪಂಚೆಯನ್ನು ಅವಳೇ ಟ್ರಂಕಿನಿಂದ ತೆಗೆದುಕೊಟ್ಟಳು.

*

ಮದುವೆಯಾದ ವರ್ಷವೇ ಅವರು ಸೇಡಂ ಕಡೆಯಿಂದ ಹೈದರಾಬಾದಿಗೆ ಬಂದಿದ್ದರು. ಹಳ್ಳಿಹಳ್ಳಿಗೂ ಕರೆಂಟು ಹೋಗುತ್ತಿದ್ದ ಕಾಲ ಅದು. ಯಾರ್ಡಿಗೆ ಕಾಡಿನಿಂದ ಲಾರಿಗಟ್ಟಲೆ ಮರ ಬರುತ್ತಿತ್ತು. ತೊಗಟೆ ಕೆತ್ತಿ, ಒಣಗಿಸಿ, ಗಾಲಿಬಂಡಿಯ ಮೇಲೆ ಪೇರಿಸಿ, ಒಂದು ಉದ್ದನೆಯ ಕಬ್ಬಿಣದ ಕೊಳವೆಯೊಳಗೆ ತಳ್ಳುತ್ತಿದ್ದರು. ಬಾಗಿಲು ಬಿಗಿದು, ಒಳಗಿನ ಗಾಳಿಯನ್ನು ಹೀರಿ ತೆಗೆದು, ಔಷಧದ ನೀರನ್ನು ಒತ್ತಿ ಬಿಟ್ಟರೆ ಮರ ಅದನ್ನು ಗಟಗಟನೆ ಕುಡಿಯುತ್ತಿತ್ತು. ಯಾರ್ಡಿನವರ ಬಾಯಲ್ಲಿ ಅದು ದವಾ. ದವಾ ಕುಡಿದ ಕಂಬಕ್ಕೆ ಗೆದ್ದಲು ಹತ್ತುತ್ತಿರಲಿಲ್ಲ. ಕೆಸರಿನಲ್ಲಿ ನಿಲ್ಲಿಸಿದರೂ ಬುಡ ಕೊಳೆಯುತ್ತಿರಲಿಲ್ಲ. ಮೊದಮೊದಲು ಹುಸೇನಪ್ಪ ಮನೆಗೆ ಬಂದರೆ ಅದೇ ಮಾತು. ಯಾವ ಹಳ್ಳಿಗೆ ಕಂಬ ಹೋದವು, ಎಲ್ಲಿ ದೀಪ ಹತ್ತಿದವು. ದೀಪವನ್ನು ತಾನೇ ಹಚ್ಚಿ ಬಂದವನ ಹಾಗೆ ಹೇಳುತ್ತಿದ್ದ.

ಒಂದು ಚಳಿಗಾಲದಲ್ಲಿ ಎಲ್ಲ ಬದಲಾಯಿತು. ಬೆಳಗಿನ ಪಾಳಿಯವರು ಕೊಯ್ದುಳಿದ ಕಂಬದ ತುಂಡುಗಳನ್ನು ಗೇಟಿನ ಹತ್ತಿರ ಗುಡ್ಡೆ ಹಾಕಿ ಬೆಂಕಿ ಹಚ್ಚಿ ಮೈ ಕಾಯಿಸಿಕೊಂಡರು. ಬೂದಿ ಅಲ್ಲೇ ಉಳಿಯಿತು. ಹಾಲು ಮಾರುವ ಗೌಳಿಯೊಬ್ಬನ ಎಮ್ಮೆಗಳು ಆ ದಾರಿಯಲ್ಲಿ ಹೋಗುತ್ತಿದ್ದವು. ಬೂದಿಯಲ್ಲಿ ಉಪ್ಪಿನ ರುಚಿಯೇನಾದರೂ ಇತ್ತೋ, ನಿಂತು ನೆಕ್ಕಿದವು. ಓಡಿಸಿದರೂ ಮತ್ತೆ ಬಂದು ನೆಕ್ಕಿದವು. ಸಂಜೆ ಹುಸೇನಪ್ಪ ಮನೆಗೆ ಹೊರಟಾಗ ಎರಡು ಎಮ್ಮೆಗಳು ರಸ್ತೆಯ ಪಕ್ಕದಲ್ಲಿ ಕಾಲು ಚಾಚಿ ಬಿದ್ದಿದ್ದವು. ಗೌಳಿ ಒಂದರ ಕೊರಳು ತಬ್ಬಿಕೊಂಡು ಕೂತಿದ್ದ.

ರೋಗ ಎಂದರು ಕೆಲವರು. ಹಾವು ಎಂದರು ಕೆಲವರು. ಗುರುಶಾಂತ, "ಕೆರಿ ನೀರ್ ಕುಡದಿರಬೇಕು ಬಿಡೋ" ಎಂದ. ಹುಸೇನಪ್ಪ ಒಬ್ಬನೇ ಆ ಬೂದಿಯನ್ನೆಲ್ಲ ಬಳಿದು ಗುಂಡಿ ತೋಡಿ ಮುಚ್ಚಿ ಬಂದ. ಅವತ್ತಿನಿಂದ ಚಿಂತೆಯ ಮನುಷ್ಯನಾದ. ಬೇರೆಯವರು ಸ್ನಾನದ ಒಲೆಗೆಂದು ತುಂಡುಗಳನ್ನು ಹೊತ್ತು ತಂದರೆ ಅವನು ಒಂದು ಸಿಬಿರನ್ನೂ ತರಲಿಲ್ಲ. ಸಾಲದ್ದಕ್ಕೆ ಗಲ್ಲಿಯ ಮನೆಮನೆಗೂ ಹೋಗಿ ಒಲೆಯೊಳಗೆ ಇಣುಕುವುದನ್ನು ಶುರುಮಾಡಿದ. "ಕಂಬ ನಿಂತಿರಬೇಕವ್ವ, ಉರೀಬಾರದು" ಎಂದು ಕಂಡಕಂಡವರಿಗೆ ಹೇಳುತ್ತಿದ್ದ. ಜನ ನಕ್ಕರು. ಆಮೇಲೆ ಬಾಗಿಲು ಹಾಕಿಕೊಂಡರು. ನೀರಿನ ನಲ್ಲಿಯ ಹತ್ತಿರ ಹೆಂಗಸರು, "ನಿನ್ನ ಗಂಡ ಇವತ್ತ್ಯಾರ ಒಲಿ ನೋಡ್ಯಾನವ್ವ?" ಎಂದು ಕೇಳಿದಾಗ ಅನ್ನಮ್ಮನಿಗೆ ನೆಲಕ್ಕಿಳಿದು ಹೋದ ಹಾಗಾಗುತ್ತಿತ್ತು. ಅವನ ಮಾತನ್ನು ಅವಳೂ ಪೂರ್ತಿ ನಂಬಿರಲಿಲ್ಲ. ಜಗಳ ಬೇಡವೆಂದು ಸುಮ್ಮನಿದ್ದಳು, ಅಷ್ಟೇ.

ಸಿಮೆಂಟಿನ ಕಂಬ ಬಂದ ಮೇಲೆ ಯಾರ್ಡು ಮುಚ್ಚಿತು. ಹುಸೇನಪ್ಪ ಲೈನ್ ಎಳೆಯುವ ಗುತ್ತಿಗೆದಾರನ ಗ್ಯಾಂಗಿಗೆ ಸೇರಿ, ಕೆಮ್ಮು ಎದೆಗಿಳಿಯುವವರೆಗೂ ಕಂಬ ನೆಟ್ಟ.

*

ಹೆಣ ಎತ್ತಿದರು. ಭಜನೆಯ ತಾಳ ಗಲ್ಲಿ ತಿರುಗಿ, ದೊಡ್ಡ ರಸ್ತೆಯ ಬಸ್ಸುಗಳ ಸದ್ದಿನಲ್ಲಿ ಕಳೆದುಹೋಯಿತು. ಟ್ರಾಲಿ ಆಟೋ ಅದಕ್ಕೂ ಮೊದಲೇ ಹೋಗಿತ್ತು.

ಮನೆಯೊಳಗೆ ಹೆಂಗಸರು ನೆಲ ತೊಳೆಯುತ್ತಿದ್ದರು. ಅನ್ನಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಅವಳ ಕಣ್ಣು ಕಿಟಕಿಯ ಆಚೆ, ತಂತಿಯ ಮೇಲೆ ಒಣಹಾಕಿದ್ದ ಯಾರದೋ ಸೀರೆಯ ಮೇಲಿತ್ತು. ಮಳೆ ನಿಂತು ಗಾಳಿ ಎದ್ದಿತ್ತು. ಸೀರೆ ಒಂದೇ ಕಡೆಗೆ ಬಡಿದುಕೊಳ್ಳುತ್ತಿತ್ತು.

"ಪಾರ್ವತಕ್ಕ, ಎಲ್ಲಿ ಒಯ್ದಾರ?"

"ಎಲ್ಲೀದು, ಕೆರಿ ದಂಡಿಗೇ. ಕರೆಂಟಿನ ಮಸಣ ಭಾಳ ದೂರಲ್ಲೇನವ್ವ."

ಕೆರೆಯ ದಂಡೆ. ಮಸಣದ ತಗ್ಗು ಗೋಡೆಯ ಆಚೆಗೇ ಕೂಕಟ್‌ಪಲ್ಲಿಯ ಹೊಸ ಫ್ಲಾಟುಗಳನ್ನು ಕಟ್ಟುವ ಕೂಲಿಗಳ ತಗಡಿನ ಶೆಡ್ಡುಗಳಿದ್ದವು. ಬೀದರ, ಯಾದಗಿರಿ, ರಾಯಚೂರು ಕಡೆಯವರು. ಎಳೆಗೂಸುಗಳನ್ನು ಸೀರೆಯ ಜೋಳಿಗೆಯಲ್ಲಿ ಮಲಗಿಸಿ ಅಲ್ಲೇ ಬಿಟ್ಟು, ಇಟ್ಟಿಗೆ ಹೊರಲು ಹೋಗುತ್ತಿದ್ದರು. ಅನ್ನಮ್ಮ ಮತ್ತೆ ಸೀರೆಯನ್ನು ನೋಡಿದಳು. ಅದು ಬಡಿದುಕೊಳ್ಳುತ್ತಿದ್ದದ್ದು ಶೆಡ್ಡುಗಳ ದಿಕ್ಕಿಗೇ.

ಆ ಶೆಡ್ಡುಗಳಿಗೆ ಹೊಗೆ ಹೋಗುತ್ತದೆ. ಅದು ಯಾರೋ ಹಚ್ಚಿದ ಒಲೆಯ ಹೊಗೆಯಲ್ಲ. ಒಲೆಒಲೆಗೂ ಇಣುಕಿ ಬೈಸಿಕೊಂಡ ಮನುಷ್ಯನನ್ನೇ ನಡುವೆ ಮಲಗಿಸಿ ಹಚ್ಚಿದ ಹೊಗೆ.

ಸುಳ್ಳಿದ್ದರೆ? ಅವನ ಅಂಜಿಕೆಯೆಲ್ಲ ಬರೀ ಭ್ರಮೆಯಾಗಿದ್ದರೆ? ಇರಬಹುದು. ನಿಜವಿದ್ದರೆ?

*

ಊರು ಬೆಳೆಯುತ್ತ ಬೆಳೆಯುತ್ತ ಯಾರ್ಡಿನ ಹಿಂದಿನ ಗೋಡೆಯವರೆಗೂ ಬಂದಿತ್ತು. ಗೋಡೆ ಒಂದು ಕಡೆ ಕುಸಿದಿತ್ತು. ಶೆಡ್ಡಿನ ಹೆಂಗಸರು ಅಲ್ಲಿಂದ ನುಸುಳಿ ಹಳೆಯ ಕಂಬದ ತುಂಡುಗಳನ್ನು ತಲೆಯ ಮೇಲೆ ಹೊತ್ತು ಹೋಗುತ್ತಿದ್ದರು. ಕಾವಲಿಗಿದ್ದ ಗುರುಶಾಂತ, ಪಾಪ, ಬಡವರು ಎಂದು ಆಚೆ ಮುಖ ತಿರುಗಿಸುತ್ತಿದ್ದ.

ಹುಸೇನಪ್ಪನಿಗೆ ಇದು ತಿಳಿದದ್ದು ಹೋದ ವರ್ಷ. ಆಗಲೇ ಕೆಮ್ಮು ಜೋರಾಗಿತ್ತು. ಕೋಲೂರಿಕೊಂಡು ಶೆಡ್ಡುಗಳಿಗೆ ಹೋದ. ಹೇಳಿದ, ಬೇಡಿಕೊಂಡ. ಔರಾದ ಕಡೆಯ ಗೋದಾಬಾಯಿ ಎಂಬವಳು ಅವನ ಎದುರಿಗೇ ಇನ್ನೊಂದು ಹಸಿರು ತುಂಡನ್ನು ಒಲೆಗೆ ತುರುಕಿ, "ಹಂಗಾರ ಗ್ಯಾಸ್ ತಂದ್ಕೊಡು ಮುದುಕಾ" ಎಂದಳು. ಅವನು ಕಾಲೆತ್ತಿ ಒಲೆಯನ್ನು ಒದ್ದುಬಿಟ್ಟ. ಮೇಲಿದ್ದ ಅನ್ನದ ಪಾತ್ರೆ ಮಗುಚಿ ಕೆಸರಿಗೆ ಬಿತ್ತು.

ಗೋದಾಬಾಯಿ ಸನತ್‌ನಗರದ ಮನೆಯವರೆಗೂ ಬಂದು, ಗಲ್ಲಿಯಲ್ಲಿ ನಿಂತು ಮಣ್ಣು ತೂರಿದಳು. "ನನ್ನ ಕೂಸಿನ ಬಾಯಾಗಿನ ಕೂಳ ಚೆಲ್ಯಾನ, ಅವನ ಒಲಿ ಹಾಳಾಗ್ಲಿ" ಎಂದು ಶಾಪ ಹಾಕಿದಳು. ಅನ್ನಮ್ಮ ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಆ ದಿನ ಅವಳು ಗಂಡನ ಜೊತೆ ಮಾತಾಡಲಿಲ್ಲ.

ಅದಾಗಿ ಕೆಲವು ವಾರಕ್ಕೆ ಗೋದಾಬಾಯಿಯ ಮಗಳು ತಾರಾ ಮಲಗಿದಳು. ಇನ್ನೂ ನಡೆಯಲು ಕಲಿಯುತ್ತಿದ್ದ ಕೂಸು. ವಾಂತಿ ನಿಲ್ಲಲಿಲ್ಲ, ಬಾಯಿಯ ಸುತ್ತ ಹುಣ್ಣು, ಅಂಗೈ ಕೆಂಪಾಗಿ ಸುಲಿದಿತ್ತು. ಸುದ್ದಿ ಕೇಳಿದ ಹುಸೇನಪ್ಪ ಆಟೋ ಕರೆದುಕೊಂಡು ಹೋಗಿ ತಾಯಿ ಮಗಳಿಬ್ಬರನ್ನೂ ದೊಡ್ಡ ದವಾಖಾನೆಗೆ ಒಯ್ದ. ಬುತ್ತಿ ಕೊಡಲು ಹೋದ ಅನ್ನಮ್ಮ ಅವನನ್ನು ಅಲ್ಲಿ ಕಂಡಳು. ಮಕ್ಕಳ ವಾರ್ಡಿನ ಹೊರಗೆ ನೆಲದ ಮೇಲೆ ಕೂತಿದ್ದ. ಒಳಗಿನಿಂದ ಯಾವುದಾದರೂ ಕೂಸು ಅತ್ತರೆ ತಟ್ಟನೆ ಎದ್ದು ನಿಲ್ಲುತ್ತಿದ್ದ. ಅಳು ನಿಂತರೆ ಇನ್ನೂ ಹೆಚ್ಚು ಗಾಬರಿಯಾಗುತ್ತಿದ್ದ.

"ಡಾಕ್ಟರ್ ಏನಂದ್ರು?" ಎಂದು ಕೇಳಿದಳು.

"ನೀರಿಂದ ಆಗಿರಬೌದು, ತಿನ್ನೂದ್ರಿಂದ ಆಗಿರಬೌದು ಅಂತಾರ. ಒಲಿ ಮಾತ ಯಾರೂ ಕೇಳವಲ್ರು, ಅನ್ನಮ್ಮ. ನನಗೇ ತಪ್ಪ ತಿಳದೈತೋ ಏನೋ." ವಾರ್ಡಿನ ಬಾಗಿಲ ಕಡೆ ನೋಡಿ, "ತಪ್ಪಾಗಿದ್ರ ಭಾಳ ಚಲೋ ಆಗತಿತ್ತು ನೋಡು" ಎಂದ.

ಕೂಸು ಉಳಿಯಿತು. ಗೋದಾಬಾಯಿ ಮಗಳನ್ನು ಎತ್ತಿಕೊಂಡು, ಅವನಿಗೆ ಒಂದು ಮಾತನ್ನೂ ಹೇಳದೆ ಹೋಗಿಬಿಟ್ಟಳು.

*

ಅನ್ನಮ್ಮ ಎದ್ದು ನಿಂತಳು.

"ಎಲ್ಲಿಗವ್ವ?" ಎಂದಳು ಪಾರ್ವತಿಬಾಯಿ.

"ಕೆರಿ ದಂಡಿಗೆ."

"ಹುಚ್ಚ್ ಹಿಡದೈತೇನು? ಹೆಣ್ಮಕ್ಕಳು ಮಸಣಕ್ಕ ಹೋಗ್ತಾರೇನ? ಅದೂ ನೀನು, ಇವತ್ತ?"

"ಅಕ್ಕ, ಆ ಕಟಗಿ ಅವರನ್ನ ಸುಡೂದಲ್ಲ, ಕೂಸುಗಳನ್ನ ಸುಡತೈತಿ. ಆಮ್ಯಾಲ ನಾ ಎಷ್ಟು ದಿನ ಬದಕಿದ್ರೂ ಯಾವ ಕೂಸು ಅತ್ರೂ ನನಗ ಇದೇ ಕೇಳತೈತಿ. ತಡೀಬ್ಯಾಡ."

ಪಾರ್ವತಿಬಾಯಿ ಬಾಗಿಲಿಗೆ ಅಡ್ಡ ನಿಂತವಳು, ಏನನ್ನಿಸಿತೋ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಾನೂ ಹೊರಟಳು. ಬಯ್ಯುತ್ತಲೇ ಬಂದಳು. ಆಟೋದವನು ಎಲ್ಲಿಗೆಂದು ಕೇಳಿ, "ಶ್ಮಶಾನಾನಿಕಾ? ಆಡವಾಳ್ಳು ಪೋಕೂಡದು ಕದಮ್ಮಾ" ಎಂದು ತೆಲುಗಿನಲ್ಲಿ ಹೆಂಗಸರು ಹೋಗಬಾರದ ಮಾತೆತ್ತಿದಾಗ ಅವಳೇ ಅವನ ಮೇಲೆ ರೇಗಿದಳು. "ಪೋನಿವ್ವಯ್ಯಾ ನುವ್ವು, ಸುಮ್ನ ಗಾಡಿ ನಡಸು! ನಮಗ ಬುದ್ಧಿ ಹೇಳಾಕ ಬಂದಾನ."

ದಾರಿ ಮುಗಿಯಲೊಲ್ಲದು. ಫ್ಲೈಓವರಿಗೆಂದು ರಸ್ತೆ ಅಗೆದಿದ್ದರು, ಆಟೋ ತೆವಳುತ್ತಿತ್ತು. ಅನ್ನಮ್ಮ ತಲೆ ಹೊರಗೆ ಹಾಕಿ ಕೆರೆಯ ಕಡೆಗಿನ ಆಕಾಶವನ್ನೇ ನೋಡುತ್ತಿದ್ದಳು. ಒಮ್ಮೆ ಬೂದಿ ಬಣ್ಣದ್ದೇನೋ ಮೇಲೆದ್ದ ಹಾಗೆ ಕಂಡು ಆಟೋದ ಕಂಬಿ ಹಿಡಿದು ಅರ್ಧ ಎದ್ದಳು. ಅದು ಮೋಡ.

ಮಸಣದ ಗೇಟಿನೊಳಗೆ ಕಾಲಿಟ್ಟಾಗ ಚಿತೆ ಸಿದ್ಧವಾಗಿತ್ತು. ಹುಸೇನಪ್ಪನನ್ನು ಮಲಗಿಸಿ, ಎದೆಯ ಮೇಲೂ ಹಸಿರು ತುಂಡುಗಳನ್ನು ಹೇರಿದ್ದರು. ಮುಖವೊಂದೇ ಕಾಣುತ್ತಿತ್ತು. ಮಲ್ಲು ಹೆಗಲ ಮೇಲೆ ಕೊಡ ಹೊತ್ತು ಸುತ್ತು ಬರುತ್ತಿದ್ದ. ಅವ್ವನನ್ನು ಕಂಡು ಕಾಲು ನಿಂತುಬಿಟ್ಟಿತು.

"ಬೆಂಕಿ ಇಡಬ್ಯಾಡ" ಎಂದಳು ಅನ್ನಮ್ಮ. "ಅವರನ್ನ ಕೆಳಗ ಇಳಸ್ರಿ."

ಶಿವಶರಣಪ್ಪನವರು ಕೈ ಅಡ್ಡ ಹಿಡಿದು ಬಂದರು. "ಏನಿದು ಅನ್ನಮ್ಮ? ಚಿತೆ ಮ್ಯಾಲಿಂದ ಹೆಣಾ ಇಳಸೂದುಂಟೇನು? ಪಾರ್ವತಕ್ಕ, ಕರಕೊಂಡ್ ನಡೀರಿ ಇಕೀನ. ಮತ್ತ ಮಳಿ ಬರಾಕತ್ತೈತಿ."

"ಅಣ್ಣಾರ, ಆ ಗ್ವಾಡಿ ಆಚಿಗೆ ನೋಡ್ರಿ. ಗಾಳಿ ಯಾ ಕಡಿಗೈತಿ ನೋಡ್ರಿ. ಈ ಕಟಗಿ ಸುಡಬಾರದಂತ ಅವರು ಮಂದಿ ಕೈಲೆ ಬೈಸ್ಕೊಂಡ್ರು. ಅವರ ಹೆಣಕ್ಕ ಅದೇ ಕಟಗಿ ಹಚ್ಚತೀರೇನು?"

ಗುರುಶಾಂತ ಚಿತೆಯ ಆ ಬದಿಯಿಂದ ಬಂದ. ಕೈಯಲ್ಲಿ ಇನ್ನೂ ಒಂದು ತುಂಡಿತ್ತು. ಮುಖ ಕೆಂಪಾಗಿತ್ತು.

"ವೈನಿ, ನಾ ಇಸ ತಂದೀನಂತೀರೇನು? ನನ್ನ ಗೆಳ್ಯಾಗ?"

"ನಿಮ್ಮ ಮನಸಿನ್ಯಾಗ ಇಸ ಇಲ್ಲ ಗುರುಶಾಂತಣ್ಣ. ಕಟಗ್ಯಾಗ ಐತಿ."

"ಎಲ್ಲೈತಿ? ತೋರಸ್ರಿ!" ಅವನ ದನಿ ಕೀರಲಾಯಿತು. "ಹರೇದಾಗಿಂದ ಈ ದವಾದಾಗ ಮೊಳಕೈಮಟ ಕೈ ಹಾಕೀನಿ. ಇದೇ ಕೈಲೆ ರೊಟ್ಟಿ ತಿಂದೀನಿ. ಇದೇ ಕಟಗಿ ಸುಟ್ಟು ಮೈ ತೊಳಕೊಂಡೀನಿ. ಇಸ ಆಗಿದ್ರ ನಾ ಯಾವಾಗ ಸಾಯಬೇಕಿತ್ತು! ಆ ಎಮ್ಮಿ ಸತ್ತದ್ದು ಕೆರಿ ನೀರಿಗೆ. ಅಂವಾ ಅಂಜಬುರುಕ. ಅಂಜಿ ಅಂಜಿನೇ ಸತ್ತ."

ಹೇಳುವಾಗ ಅವನು ಅಂಗೈಗಳನ್ನು ಎಲ್ಲರ ಮುಂದೆ ಚಾಚಿದ. ಚಾಚಿದವನು ತಾನೇ ಅವನ್ನು ನೋಡಿದ. ಅಂಗೈ ತುಂಬ ಜೋಳದ ಕಾಳಿನಂಥ ಗಟ್ಟಿ ಗಂಟುಗಳು, ಮಣಿಕಟ್ಟಿನ ಮೇಲೆ ಕಪ್ಪು ಕಲೆಗಳು. ದುಡಿಯುವವನ ಕೈ ಎಂದು ಯಾರೂ ಎರಡನೇ ಸಲ ನೋಡದಂಥ ಕೈ. ಅನ್ನಮ್ಮ ನೋಡಿದಳು. ಅವಳ ಗಂಡನ ಕೈಯೂ ಕಡೆಕಡೆಗೆ ಹೀಗೇ ಇತ್ತು. ಅವಳು ನೋಡಿದ್ದನ್ನು ಗುರುಶಾಂತನೂ ಕಂಡ. ಅವನ ಸಿಟ್ಟಿನ ಅಡಿಯಲ್ಲಿ ಇದ್ದದ್ದು ಏನೆಂದು ಆಗ ಅವಳಿಗೆ ತಿಳಿಯಿತು. ಕಟ್ಟಿಗೆಯಲ್ಲಿ ವಿಷವಿದೆಯೆಂದು ಒಪ್ಪಿಕೊಂಡರೆ ಅವನು ತನ್ನ ಕೈಯ ಈ ಗಂಟುಗಳಿಂದ ಹಿಡಿದು ಇನ್ನೂ ಏನೇನನ್ನೋ ಒಪ್ಪಿಕೊಳ್ಳಬೇಕಿತ್ತು.

ಗುರುಶಾಂತ ಮೆಲ್ಲಗೆ ಮುಷ್ಟಿ ಮುಚ್ಚಿದ.

ಗೋಡೆಯ ಆಚೆ ಒಂದು ಕೂಸು ಅಳುತ್ತಿತ್ತು. ಅಲ್ಲಿ ಯಾವಾಗಲೂ ಒಂದಲ್ಲ ಒಂದು ಅಳುತ್ತಲೇ ಇರುತ್ತದೆ. ಮಲ್ಲು ಆ ಕಡೆ ನೋಡಿದ. ಹೆಗಲ ಮೇಲಿನ ಕೊಡವನ್ನು ಮೆಲ್ಲಗೆ ನೆಲಕ್ಕಿಳಿಸಿದ.

"ಶರಣಪ್ಪ ಕಾಕಾ, ಅಪ್ಪನ್ನ ಇಳಸೂಣು."

"ಇಳಿಸಿ? ಯಾತರಾಗ ಸುಡತಿ?"

"ಗೊತ್ತಿಲ್ರಿ. ಇಳಸೂಣು ಮೊದಲ."

*

ತಗಡಿನ ಶೆಡ್ಡುಗಳ ನಡುವಿನ ಕೆಸರಿನಲ್ಲಿ ಅನ್ನಮ್ಮ ಒಬ್ಬಳೇ ನಡೆದಳು. ಮಳೆಗೆ ಕೆಲಸ ನಿಂತಿದ್ದರಿಂದ ಹೆಂಗಸರು ಮನೆಯಲ್ಲೇ ಇದ್ದರು. ಬಳೆಯಿಲ್ಲದ ಕೈ, ಕೆದರಿದ ಕೂದಲು. ಅವಳು ಯಾರೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಗೋದಾಬಾಯಿ ಬಾಗಿಲಲ್ಲಿ ಕೂತು ಅಕ್ಕಿ ಕೇರುತ್ತಿದ್ದಳು. ಮೊರ ಕೆಳಗಿಡಲಿಲ್ಲ.

"ಯಾರ ಸತ್ತಾರಂತ ಗೊತ್ತೈತಿ" ಎಂದಳು. "ಗ್ವಾಡಿ ಮ್ಯಾಲಿಂದ ನೋಡೀನಿ."

"ಅವ್ವಾ, ಅವರಿಗೆ ಕಟಗಿ ಇಲ್ಲ. ತಂದಿದ್ದು ಹಸರ ಕಟಗಿ. ಅದನ್ನ ನಿಮ್ಮ ಬಾಜೂಕ ಸುಡಬ್ಯಾಡಂತ ಅವರನ್ನ ಕೆಳಗ ಇಳಿಸೀವಿ." ಅನ್ನಮ್ಮ ಎರಡೂ ಕೈ ಜೋಡಿಸಿದಳು. "ನಿಮ್ಮ ಕಡಿ ಒಣಾ ಕಟಗಿ ಏನರ ಇದ್ರ..."

ಗೋದಾಬಾಯಿ ಬಹಳ ಹೊತ್ತು ಅಕ್ಕಿಯೊಳಗಿನ ಕಲ್ಲನ್ನೇ ಹುಡುಕಿದಳು.

"ನನ್ನ ಒಲಿ ಒದ್ದಾಂವ್ಗ ಈಗ ನನ್ನ ಒಲೀದೇ ಕಟಗಿ ಬೇಕಾತೇನು?"

ಅನ್ನಮ್ಮ ತಲೆ ತಗ್ಗಿಸಿದಳು. ತಿರುಗಿ ಹೋಗಬೇಕೆಂದುಕೊಂಡಳು. ಆದರೂ ಹೋಗಲಿಲ್ಲ.

"ಮಗಳ ಬ್ಯಾನಿ ನೀರಿಂದಲೇ ಬಂದಿತ್ತು" ಎಂದಳು ಗೋದಾಬಾಯಿ, ಯಾರೋ ವಾದ ಮಾಡಿದ ಹಾಗೆ. "ನಾ ಇವತ್ತೂ ಅದನ್ನೇ ಅಂತೀನಿ. ಆದ್ರ ಆ ಹಸರ ಕಟಗಿ ಆಮ್ಯಾಲ ಮುಟ್ಟಿಲ್ಲ. ಮುದುಕ ಹೇಳ್ಯಾನಂತ ಅಲ್ಲ ಮತ್ತ." ಮೊರವನ್ನು ಒಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಎದ್ದಳು. "ದವಾಖಾನ್ಯಾಗ ರಾತ್ರೆಲ್ಲಾ ಕುಂತಿದ್ದ. ನನ್ನ ಗಂಡ ಸೈತ ಕುಂತಿದ್ದಿಲ್ಲ."

ಶೆಡ್ಡಿನ ಹಿಂದೆ, ತಗಡಿನ ಕೆಳಗೆ, ಅಡುಗೆಗೆಂದು ಒಟ್ಟಿದ್ದ ನೀಲಗಿರಿ ಸೌದೆಯ ರಾಶಿಯಿತ್ತು. ಸ್ಲ್ಯಾಬಿಗೆ ಆನಿಸಿದ್ದು ಮುರಿದುಹೋದ, ದವಾ ಕುಡಿಯದ ಊರುಗಂಬಗಳವು. ಮೇಸ್ತ್ರಿ ಕೂಲಿಗಳಿಗೆ ಬಿಟ್ಟುಕೊಟ್ಟಿದ್ದ. ಗೋದಾಬಾಯಿ ಮೊದಲ ಹೊರೆಯನ್ನು ತಾನೇ ಎಳೆದಳು. ಪಕ್ಕದ ಶೆಡ್ಡಿಗೆ, "ಏ, ಹೊರಗ ಬರ್ರೇ" ಎಂದು ಕೂಗಿದಳು. ಒಬ್ಬಳು ಬಂದಳು. ಇನ್ನೊಬ್ಬಳು ಬಾಗಿಲು ಹಾಕಿಕೊಂಡಳು. ಇನ್ನಿಬ್ಬರು ಬಂದರು. ಒಬ್ಬ ಗಂಡಸು ಗೊಣಗುತ್ತ, ತಾನು ಮಲಗುತ್ತಿದ್ದ ಸೆಂಟ್ರಿಂಗ್ ಹಲಗೆಯನ್ನೇ ಹೆಗಲಿಗೇರಿಸಿದ. ಗೋಡೆಯ ಈಚೆ ನಿಂತ ಮಲ್ಲು ಮತ್ತು ಶಿವಶರಣಪ್ಪನವರು ಒಂದೊಂದನ್ನೇ ಇಳಿಸಿಕೊಂಡರು. ಅಷ್ಟೂ ಹೊತ್ತು ಹುಸೇನಪ್ಪ ಒದ್ದೆ ನೆಲದ ಮೇಲೆ, ಬಿದಿರಿನ ಚಟ್ಟದಲ್ಲಿ, ಬೆಳಗಿನ ಅದೇ ತಾಡಪತ್ರಿಯನ್ನು ಹೊದ್ದು ಕಾಯುತ್ತಿದ್ದ.

ಹೊಸ ಚಿತೆ ಗಿಡ್ಡವಾಗಿತ್ತು, ವಾರೆಯಾಗಿತ್ತು. ಸಾಲುತ್ತದೋ ಇಲ್ಲವೋ ಎಂದು ಶಿವಶರಣಪ್ಪನವರು ಎರಡು ಸಲ ಸುತ್ತು ಬಂದು ನೋಡಿದರು. ಮಲ್ಲು ಬೆಂಕಿಯಿಟ್ಟ. ನೀಲಗಿರಿ ಚಟಚಟ ಸಿಡಿದು ಹತ್ತಿಕೊಂಡಿತು. ಹೊಗೆ ಗೋಡೆ ದಾಟಿ ಶೆಡ್ಡುಗಳ ಮೇಲೆ ಹಾಯ್ದಾಗ ಅನ್ನಮ್ಮ ತನಗರಿವಿಲ್ಲದೆಯೇ ಮೂಗರಳಿಸಿ ವಾಸನೆ ನೋಡಿದಳು. ನೆಗಡಿಗೆ ಹಚ್ಚುವ ಎಣ್ಣೆಯ ವಾಸನೆ. ಅಷ್ಟೇ. ಮತ್ತೊಮ್ಮೆ ನೋಡಿದಳು. ಆಗ ಅವಳಿಗೆ ಅಳು ಬಂತು. ಬೆಳಗಿನಿಂದ ಬಾರದೆ ಇದ್ದದ್ದು ಅದೊಂದೇ. ಪಾರ್ವತಿಬಾಯಿ ಅವಳನ್ನು ಎದೆಗೆ ಒರಗಿಸಿಕೊಂಡು ಗೇಟಿನ ಕಡೆ ನಡೆಸಿದಳು.

ಗೇಟಿನ ಹತ್ತಿರ ಟ್ರಾಲಿ ಆಟೋ ನಿಂತಿತ್ತು. ಗುರುಶಾಂತ ಹಸಿರು ತುಂಡುಗಳನ್ನು ಮತ್ತೆ ಅದರಲ್ಲಿ ತುಂಬುತ್ತಿದ್ದ. ಸಹಾಯಕ್ಕೆಂದು ಒಂದು ತುಂಡಿಗೆ ಕೈ ಹಚ್ಚಿದ ಡ್ರೈವರನ ಮೇಲೆ, "ಮುಟ್ಟಬ್ಯಾಡ! ದೂರ ಸರಿ!" ಎಂದು ಕೂಗಿದ. ಹೆಗಲ ಮೇಲಿನ ಟವೆಲನ್ನು ಉದ್ದಕ್ಕೆ ಹರಿದು, ಒಂದೊಂದು ಅರ್ಧವನ್ನು ಒಂದೊಂದು ಕೈಗೆ ಮಣಿಕಟ್ಟಿನವರೆಗೂ ಸುತ್ತಿಕೊಂಡಿದ್ದ. ಎಡಗೈಯ ಗಂಟು ಸಡಿಲವಾದಾಗ ನಿಂತು, ಹಲ್ಲಿನಿಂದ ಕಚ್ಚಿ ಬಿಗಿಮಾಡಿಕೊಂಡ. ಕಚ್ಚಿದ್ದು ಏನನ್ನೆಂದು ಹೊಳೆದವನ ಹಾಗೆ ಥೂ ಎಂದು ಉಗುಳಿದ, ಮತ್ತೂ ಉಗುಳಿದ.

ಕೊನೆಯ ತುಂಡು ಮೇಲೇರಿತು. ಡ್ರೈವರ್ ಎಂಜಿನ್ ಚಾಲೂ ಮಾಡಿ, "ಎಕ್ಕಡಿಕಿ ಅಣ್ಣಾ?" ಎಂದು ಹೋಗಬೇಕಾದ ಜಾಗ ಕೇಳಿದ.

ಗುರುಶಾಂತ ಕಟ್ಟಿಗೆಯ ಪಕ್ಕದಲ್ಲಿ ಹತ್ತಿ ನಿಂತ. ಬಟ್ಟೆ ಸುತ್ತಿದ ಎರಡೂ ಕೈಗಳನ್ನು ಮೈಗೆ ತಾಗದ ಹಾಗೆ ದೂರ ಹಿಡಿದುಕೊಂಡು, ಎಲ್ಲಿ ಇಳಿಸಿದರೆ ಇದು ಯಾರ ಒಲೆಗೂ ಹೋಗದೆಂದು ಹುಡುಕುವವನ ಹಾಗೆ, ರಸ್ತೆಯ ಆ ತುದಿಯಿಂದ ಈ ತುದಿಯವರೆಗೂ ನೋಡುತ್ತಿದ್ದ.